ಬಹಿಷ್ಕಾರದ ಖರ್ಚು ಯಾರ ಲೆಕ್ಕಕ್ಕೆ?

ಇಂಗ್ಲೆಂಡಿನ ಆರಂಭಿಕ ಬ್ಯಾಟ್ಸ್‌ಮನ್ ಜೆಫ್ರಿ ಬಾಯ್ಕಾಟ್ 1967ರ ಜೂನ್ ತಿಂಗಳಲ್ಲಿ ಲೀಡ್ಸಿನ ಹೆಡಿಂಗ್ಲೆ ಮೈದಾನದಲ್ಲಿ ಭಾರತದ ವಿರುದ್ಧ ಔಟಾಗದೆ 246 ರನ್ ಗಳಿಸಿದರು. ಎದುರಿಗೆ ಬೌಲ್ ಮಾಡುತ್ತಿದ್ದವರಲ್ಲಿ ನಮ್ಮ ಪ್ರಸನ್ನ, ಚಂದ್ರಶೇಖರ್ ಇದ್ದರು. ಮೊದಲ ದಿನವಿಡೀ ಆಡಿ ಅವರು ಹೊಡೆದದ್ದು ಬರೀ 106. ಆಟ ಇಷ್ಟು ಮಂದವಾಗಿದ್ದರೆ ಟಿಕೆಟು ಕೊಂಡು ಬಂದವರ ಗತಿಯೇನು ಎಂದು ಆಯ್ಕೆಗಾರರು ಸಿಟ್ಟಾಗಿ, ದ್ವಿಶತಕ ಬಾರಿಸಿದವರನ್ನೇ ಮುಂದಿನ ಟೆಸ್ಟಿನಿಂದ ಕೈಬಿಟ್ಟರು. ರೇಡಿಯೊಗೆ ಕಿವಿಗೊಟ್ಟು ಕ್ರಿಕೆಟ್ ಕಲಿತ ಕನ್ನಡಿಗರಿಗೆ ಬಾಯ್ಕಾಟ್ ಎಂದರೆ ಮೊದಲು ಈ ಹಟಮಾರಿ. ಪತ್ರಿಕೆಗಳಲ್ಲಿ ಕಾಣುವ ‘ಬಾಯ್‌ಕಾಟ್’ ಕೂಡ ಅದೇ ಹೆಸರಿನ ಇನ್ನೊಬ್ಬ ಮನುಷ್ಯನಿಂದ ಬಂದದ್ದು ಎಂಬುದು ಗೊತ್ತಾಗುವುದು ಎಷ್ಟೋ ತಡವಾಗಿ.

ಆ ಇನ್ನೊಬ್ಬ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಐರ್ಲೆಂಡಿನ ಪಶ್ಚಿಮ ಭಾಗದ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾಗಿ ಗೇಣಿ ವಸೂಲಿ ನೋಡಿಕೊಳ್ಳುತ್ತಿದ್ದವನು. ಫಸಲು ಕೆಟ್ಟ ಕಾಲ. ಗೇಣಿ ತಗ್ಗಿಸಿ ಎಂದು ಒಕ್ಕಲುಗಳು ಕೇಳಿದ್ದಷ್ಟನ್ನು ಧಣಿ ಒಪ್ಪಲಿಲ್ಲ. 1880ರ ಸೆಪ್ಟೆಂಬರಿನಲ್ಲಿ ಒಕ್ಕಲೆಬ್ಬಿಸುವ ನೋಟೀಸು ಹಿಡಿದು ಹೊರಟ ಅಮೀನನನ್ನು ಊರ ಹೆಂಗಸರು ಕೆಸರು, ಸಗಣಿ ಎರಚಿ ಓಡಿಸಿದರು. ಅದಕ್ಕೆ ಕೆಲವೇ ದಿನ ಮುಂಚೆ ಎನ್ನಿಸ್ ಎಂಬಲ್ಲಿ ನಡೆದ ಸಭೆಯಲ್ಲಿ ಐರಿಷ್ ರೈತ ಚಳವಳಿಯ ನಾಯಕ ಪಾರ್ನೆಲ್ ಒಂದು ದಾರಿ ಹೇಳಿಕೊಟ್ಟಿದ್ದ: ಒಕ್ಕಲೆಬ್ಬಿಸಿದವನ ಹೊಲವನ್ನು ಯಾರು ಹಿಡಿಯುತ್ತಾನೋ ಅವನನ್ನು ಹೊಡೆಯಬೇಡಿ, ಬಡಿಯಬೇಡಿ, ರಸ್ತೆಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಎಲ್ಲಿ ಸಿಕ್ಕರೂ ಅವನೊಬ್ಬ ಇದ್ದಾನೆಂದೇ ತಿಳಿಯಬೇಡಿ. ಮಾತು ಮೊದಲು ನಾಟಿದ್ದು ಏಜೆಂಟನಿಗೆ. ಆಳುಕಾಳು ಬಿಟ್ಟುಹೋದರು. ಕಮ್ಮಾರ ಲಾಳ ಕಟ್ಟಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಪಕ್ಕದ ಪೇಟೆಯ ಅಂಗಡಿಗಳು ಸಾಮಾನು ಕೊಡಲಿಲ್ಲ. ಅವನ ಆಲೂಗಡ್ಡೆ, ಟರ್ನಿಪ್ ಗಡ್ಡೆ ಕೀಳಲು ಉತ್ತರದಿಂದ ಐವತ್ತು ಮಂದಿ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು! ಕಿತ್ತ ಗಡ್ಡೆಯ ಬೆಲೆಗಿಂತ ಕಾವಲಿನ ಖರ್ಚೇ ಹತ್ತಾರು ಪಟ್ಟು ಎಂಬುದು ಆಗ ಪತ್ರಿಕೆಗಳಿಗೆಲ್ಲ ನಗೆಯ ವಸ್ತು. ಡಿಸೆಂಬರ್ ಒಂದಕ್ಕೆ ಅವನು ಐರ್ಲೆಂಡನ್ನೇ ಬಿಟ್ಟ.

ಇದಕ್ಕೊಂದು ಹೆಸರು ಬೇಕಾಯಿತು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್, ಊರಿನ ಪಾದ್ರಿ ಜಾನ್ ಒಮ್ಯಾಲಿಯ ಹತ್ತಿರ ಕೂತು, ಗ್ರೀಕಿನಿಂದ ಬಂದ ‘ಆಸ್ಟ್ರಸಿಸಂ’ ಎಂಬ ಪದ ರೈತರ ಬಾಯಿಗೆ ಸಿಕ್ಕುವುದಿಲ್ಲವಲ್ಲ ಎಂದು ಪೇಚಾಡಿಕೊಂಡನಂತೆ. ಹಾಗಾದರೆ ‘ಅವನನ್ನು ಬಾಯ್ಕಾಟ್ ಮಾಡುವುದು’ ಎಂದರಾಯಿತು ಅಂದರಂತೆ ಪಾದ್ರಿ. ಕೆಲವೇ ವಾರಗಳಲ್ಲಿ ಲಂಡನ್ನಿನ ಪತ್ರಿಕೆಗಳು ಅದನ್ನು ಕ್ರಿಯಾಪದವಾಗಿ ಬಳಸತೊಡಗಿದವು. ಮುಂದೆ ಫ್ರೆಂಚ್, ಜರ್ಮನ್, ಜಪಾನಿ ಭಾಷೆಗಳಿಗೂ ಹೋಯಿತು. ಬದುಕಿರುವಾಗಲೇ ತನ್ನ ಹೆಸರು ಸಣ್ಣಕ್ಷರದಲ್ಲಿ ಅಚ್ಚಾಗುವುದನ್ನು ನೋಡಿದ ನತದೃಷ್ಟ ಆತ. ಸತ್ತದ್ದು 1897ರಲ್ಲಿ.

ಪಾದ್ರಿ ಕೈಬಿಟ್ಟ ಆ ಗ್ರೀಕ್ ಪದವೂ ಸ್ವಾರಸ್ಯವೇ. ಅಥೆನ್ಸಿನ ಪೌರರು ಮಡಕೆಯ ಚೂರಿನ ಮೇಲೆ ಹೆಸರು ಗೀಚಿ, ತೀರ ಬಲಿತುಹೋದ ನಾಯಕನೊಬ್ಬನನ್ನು ಹತ್ತು ವರ್ಷ ಊರಾಚೆ ಕಳಿಸುತ್ತಿದ್ದರು. ನಮ್ಮಲ್ಲೂ ಹೊರಹಾಕುವುದಕ್ಕೆ ಮಡಕೆಯೇ ಬೇಕಾಗಿತ್ತು: ಬದುಕಿರುವವರಿಗೆ ಶ್ರಾದ್ಧ ಮಾಡಿ ಗಡಿಗೆ ಒಡೆಯುವ ಘಟಸ್ಫೋಟ. ಮರಾಠಿಯಲ್ಲಿ ಈಗ ಆ ಪದಕ್ಕೆ ವಿವಾಹ ವಿಚ್ಛೇದನ ಎಂದಷ್ಟೇ ಅರ್ಥ. ಕನ್ನಡಿಗರಿಗೆ ಅನಂತಮೂರ್ತಿಯವರ ಕತೆ ‘ಘಟಶ್ರಾದ್ಧ’ ಮತ್ತು ಅದನ್ನಾಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರ ನೆನಪಾಗುತ್ತದೆ. ಅಥೆನ್ಸಿನವರು ಚೂರು ಎತ್ತಿದ್ದು ಪ್ರಬಲನ ಮೇಲೆ. ನಾವು ಗಡಿಗೆ ಒಡೆದದ್ದು ಬಸುರಾದ ಎಳೆ ವಿಧವೆಯಂಥವರ ಮೇಲೆ.

ನಮ್ಮ ‘ಬಹಿಷ್ಕಾರ’ಕ್ಕೆ ಇರುವ ತೊಡಕು ಇದೇ. ಇಂಗ್ಲಿಷಿನ ಪದ ಹುಟ್ಟಿದ್ದು ಗೇಣಿದಾರ ಧಣಿಯ ವಿರುದ್ಧ ಎತ್ತಿದ ಆಯುಧವಾಗಿ. ಕನ್ನಡದಲ್ಲಿ ಅದಕ್ಕೆ ನಾವು ಕೊಟ್ಟ ಪದವೋ, ಆ ಹೊತ್ತಿಗಾಗಲೇ ಕುಲದ ಯಜಮಾನರ, ಮಠಗಳ ಕೈಯಲ್ಲಿ ಹಣ್ಣಾಗಿತ್ತು. ಹೊಸ ರಾಜಕೀಯ ಕ್ರಿಯೆಯೂ ಹಳೆಯ ಜಾತಿ ದಂಡನೆಯೂ ಒಂದೇ ಪದದೊಳಗೆ ಮನೆ ಮಾಡಿದವು. ಆದ್ದರಿಂದ ಬಹಿಷ್ಕಾರ ಸರಿಯೋ ತಪ್ಪೋ ಎಂದು ಸಾರಾಸಗಟಾಗಿ ವಾದಿಸುವುದು ವ್ಯರ್ಥ. ಬಾಗಿಲು ಹಾಕಿದವರು ಯಾರು, ಯಾರ ಮುಖದ ಮೇಲೆ, ಅದರಿಂದ ನಷ್ಟ ಯಾರಿಗೆ ಎಂದು ಪ್ರತಿ ಸಲವೂ ಬೇರೆಯಾಗಿಯೇ ಕೇಳಬೇಕು.

ಗಾಂಧಿಯವರನ್ನೇ ನೋಡಿ. 1888ರಲ್ಲಿ ಬ್ಯಾರಿಸ್ಟರ್ ಓದಲು ಹಡಗು ಹತ್ತಲು ಹೊರಟಾಗ ಮುಂಬಯಿಯ ಮೋಢ ಬನಿಯಾ ಮುಖ್ಯಸ್ಥರು ಅವರನ್ನು ಜಾತಿಯಿಂದ ಹೊರಗಿಟ್ಟರು. ಸಹಾಯ ಮಾಡಿದವರಿಗೆ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಮೂವತ್ತೆರಡು ವರ್ಷದ ನಂತರ ಅದೇ ಮನುಷ್ಯ ಶಾಸನಸಭೆ, ಕೋರ್ಟು, ಸರ್ಕಾರಿ ಶಾಲೆ, ವಿದೇಶಿ ಬಟ್ಟೆ ಎಲ್ಲವನ್ನೂ ಬಹಿಷ್ಕರಿಸಿ ಎಂದು ದೇಶಕ್ಕೆ ಕರೆ ಕೊಟ್ಟರು. ಆದರೆ ಚಳವಳಿಗೆ ಸೇರದವರಿಗೆ ಊರಿನಲ್ಲಿ ಕ್ಷೌರ, ವೈದ್ಯ, ನೀರು ನಿಲ್ಲಿಸುವುದನ್ನು ಹಿಂಸೆ ಎಂದೇ ಕರೆದರು. ಜಾತಿಯಿಂದ ಹೊರಬಿದ್ದ ಅನುಭವ ಅವರಿಗೆ ಆ ಗೆರೆಯನ್ನು ಕಾಣಿಸಿತ್ತೋ ಏನೋ.

ಗಾಂಧಿಗಿಂತ ಮೊದಲೇ ಬಂಗಾಳ ಈ ಪದವನ್ನು ಬೀದಿಗೆ ತಂದಿತ್ತು. ಬಂಗಾಳದ ವಿಭಜನೆ ಜಾರಿಗೆ ಬಂದದ್ದು 1905ರ ಅಕ್ಟೋಬರ್ 16ರಂದು; ಅದಕ್ಕೂ ಮುಂಚೆ ಆಗಸ್ಟ್ 7ರಂದು ಕಲ್ಕತ್ತದ ಟೌನ್ ಹಾಲ್ ಸಭೆ ಬ್ರಿಟಿಷ್ ಸರಕುಗಳ ಬಹಿಷ್ಕಾರಕ್ಕೆ ನಿರ್ಣಯ ತೆಗೆದುಕೊಂಡಿತು. ಈಗ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ವರ್ಷವೇ ಚೀನಾದ ವರ್ತಕರು ಅಮೆರಿಕದ ವಲಸೆ ನಿಷೇಧವನ್ನು ಪ್ರತಿಭಟಿಸಿ ಅಲ್ಲಿನ ಸರಕನ್ನು ತಿರಸ್ಕರಿಸಿದ್ದರು. ನಮ್ಮ ಕಡೆ ತಿಲಕರ ಬೆನ್ನಿಗಿದ್ದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯಂಥವರ ಮೂಲಕ ಸ್ವದೇಶಿಯ ಗಾಳಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ತಟ್ಟಿತು. ಉತ್ಸಾಹದ ಈ ಕತೆಗೆ ಅಪಸ್ವರ ಎತ್ತಿದವರು ರವೀಂದ್ರನಾಥ ಠಾಕೂರ್. 1916ರಲ್ಲಿ ಪುಸ್ತಕವಾಗಿ ಬಂದ ಅವರ ‘ಘರೇ ಬೈರೇ’ ಕಾದಂಬರಿಯಲ್ಲಿ ಪಂಚು ಎಂಬ ಬಡವ ಹೊಟ್ಟೆಪಾಡಿಗೆ ಮಾರುವ ವಿದೇಶಿ ಬಟ್ಟೆಯ ಗಂಟನ್ನು ಜಮೀನ್ದಾರನ ಕಡೆಯವರು ಸುಡುತ್ತಾರೆ. ಸುಟ್ಟವರಿಗೆ ಜೈಕಾರ, ಸಾಲ ಪಂಚುವಿನ ತಲೆಗೆ. ಠಾಕೂರರನ್ನು ಆಗ ಅನೇಕರು ಬೈದರು. ನನ್ನ ಮಟ್ಟಿಗೆ ಬಹಿಷ್ಕಾರದ ಖರ್ಚಿನ ಬಗ್ಗೆ ನಮ್ಮ ದೇಶದಲ್ಲಿ ಬಂದ ಅತ್ಯುತ್ತಮ ಲೆಕ್ಕಪರಿಶೋಧನೆ ಆ ಕಾದಂಬರಿಯೇ.

ಐರ್ಲೆಂಡಿನ ಪಾಠವನ್ನು ಹೆಚ್ಚುಕಮ್ಮಿ ಅಕ್ಷರಶಃ ನಡೆಸಿದವರು ಮಾತ್ರ ಉತ್ತರ ಕನ್ನಡದ ರೈತರು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಗಳಲ್ಲಿ ಕರನಿರಾಕರಣೆ ನಡೆದಾಗ ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರದ ಹೆಂಗಸರು ಉಪವಾಸ ಕೂತರು. ಪಾರ್ನೆಲ್ ಎನ್ನಿಸ್‌ನಲ್ಲಿ ಬೆರಳು ತೋರಿಸಿದ್ದೂ ಇದೇ ಮನುಷ್ಯನ ಕಡೆಗೆ: ನೆರೆಯವನು ಕಳೆದುಕೊಂಡ ಹೊಲವನ್ನು ಅಗ್ಗಕ್ಕೆ ಹಿಡಿದವನು. ವ್ಯತ್ಯಾಸವೆಂದರೆ, ಐರಿಷರು ಅವನಿಂದ ಮುಖ ತಿರುಗಿಸಿ ನಡೆದರು; ಸಿದ್ದಾಪುರದವರು ಅವನ ಅಂಗಳಕ್ಕೇ ಹೋಗಿ ಮುಖ ಕೊಟ್ಟು ಕೂತರು. ಹಸಿವು ಅವರದು, ನಾಚಿಕೆ ಕೊಂಡವನದು. ಬಹಿಷ್ಕಾರವನ್ನೇ ಒಳಮಗ್ಗುಲಾಗಿ ತಿರುಗಿಸಿದ ಈ ಬಗೆಗೆ ನಮ್ಮ ಇತಿಹಾಸದ ಪುಸ್ತಕಗಳು ಕೊಟ್ಟ ಜಾಗ ಕಡಿಮೆಯಾಯಿತು.

ಈ ಸಮೀಕ್ಷೆಯ ಕಗ್ಗಂಟು ಇರುವುದು 1928ರಲ್ಲಿ. ಏಳೂ ಮಂದಿ ಬಿಳಿಯರೇ ಇದ್ದ ಸೈಮನ್ ಆಯೋಗ ಫೆಬ್ರುವರಿ 3ರಂದು ಮುಂಬಯಿಯಲ್ಲಿ ಇಳಿಯಿತು. ಕಾಂಗ್ರೆಸ್, ಜಿನ್ನಾ ಬಣದ ಮುಸ್ಲಿಂ ಲೀಗ್, ಉದಾರವಾದಿಗಳು ಎಲ್ಲರೂ ಅದನ್ನು ಬಹಿಷ್ಕರಿಸಿದರು. ಕಪ್ಪು ಬಾವುಟ, ‘ಗೋ ಬ್ಯಾಕ್’ ಘೋಷಣೆ. ಆ ಆಯೋಗದ ಮುಂದೆ ಹೋಗಿ ಹೇಳಿಕೆ ಕೊಟ್ಟವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಅವರು 1924ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಬಹಿಷ್ಕೃತ ಹಿತಕಾರಿಣೀ ಸಭಾ; 1927ರಲ್ಲಿ ತೆಗೆದ ಪತ್ರಿಕೆ ‘ಬಹಿಷ್ಕೃತ ಭಾರತ’. ಬಹಿಷ್ಕೃತರು ಬಹಿಷ್ಕರಿಸಲಿಲ್ಲ! ಇದನ್ನು ದೇಶದ್ರೋಹ ಎಂದವರಿಗೆ ಮುಟ್ಟಬಾರದೆಂದಿದ್ದ ಮಹಾಡ್ ಕೆರೆಯ ನೀರು ಮುಟ್ಟಿದ ತಪ್ಪಿಗೆ ಹಳ್ಳಿಗಳಲ್ಲಿ ದಲಿತರಿಗೆ ಏನೇನು ನಿಂತಿತು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಶತಮಾನಗಳಿಂದ ಬಾಗಿಲಾಚೆ ನಿಂತವನಿಗೆ, ತೆರೆದ ಒಂದೇ ಬಾಗಿಲನ್ನು ನೀನೂ ಮುಚ್ಚು ಎನ್ನುವುದು ದುಬಾರಿ ಸಲಹೆ.

ಅದೇ ವರ್ಷ ಮುಂಬಯಿ ಸರ್ಕಾರ ದಲಿತರ ಸ್ಥಿತಿಗತಿ ಪರಿಶೀಲಿಸಲು ಸ್ಟಾರ್ಟ್ ಸಮಿತಿಯನ್ನು ನೇಮಿಸಿತು. ಅಂಬೇಡ್ಕರ್ ಅದರ ಸದಸ್ಯರು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಆ ಪ್ರಾಂತಕ್ಕೇ ಸೇರಿದ್ದವು. ದಲಿತರು ಹಕ್ಕು ಚಲಾಯಿಸಿದ ಕಡೆಯೆಲ್ಲ ಊರು ಎತ್ತುವ ಆಯುಧ ಬಡಿಗೆಗಿಂತ ಹೆಚ್ಚಾಗಿ ಬಹಿಷ್ಕಾರವೇ ಎಂದು ಸಮಿತಿ ಕಂಡುಕೊಂಡಿತು: ಕೂಲಿಗೆ ಕರೆಯುವುದಿಲ್ಲ, ದಿನಸಿ ಮಾರುವುದಿಲ್ಲ, ಓಡಾಡುವ ದಾರಿ ಕಟ್ಟು. ದುಂಡುಮೇಜಿನ ಪರಿಷತ್ತಿನ ವೇಳೆಗೆ ಅಂಬೇಡ್ಕರ್ ಇದಕ್ಕೆ ಶಿಕ್ಷೆ ವಿಧಿಸುವ ಕಲಮುಗಳನ್ನೇ ಬರೆದುಕೊಟ್ಟರು. ಮಾದರಿ ಎಲ್ಲಿಂದ? 1922ರ ಬರ್ಮಾ ಬಹಿಷ್ಕಾರ ವಿರೋಧಿ ಕಾಯ್ದೆಯಿಂದ. ಬ್ರಿಟಿಷರು ಅದನ್ನು ತಂದದ್ದು ಬರ್ಮಾದ ರಾಷ್ಟ್ರವಾದಿಗಳ ಬಹಿಷ್ಕಾರವನ್ನು ಹತ್ತಿಕ್ಕಲು. ಆಳುವವರು ತಮ್ಮ ರಕ್ಷಣೆಗೆ ಹೊಲಿಸಿಕೊಂಡ ಅಂಗಿಯನ್ನು ಅಂಬೇಡ್ಕರ್ ಕೇರಿಯವನ ಅಳತೆಗೆ ಕತ್ತರಿಸಿದರು. ಅಮೆರಿಕದಲ್ಲಿ ಇದರ ಉಲ್ಟಾ ನಡೆಯಿತು. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿಯ ಕರಿಯರು ಬಸ್ ಹತ್ತುವುದನ್ನು ಬಿಟ್ಟು 381 ದಿನ ನಡೆದರು. ಮಾರ್ಟಿನ್ ಲೂಥರ್ ಕಿಂಗ್ ಮೇಲೆ ಮೊಕದ್ದಮೆ ಹೂಡಲು ಅಲಬಾಮಾ ರಾಜ್ಯ ಹುಡುಕಿ ತೆಗೆದದ್ದು 1921ರ ಬಹಿಷ್ಕಾರ ವಿರೋಧಿ ಕಾನೂನನ್ನು. ಕಾನೂನಿನ ಮಾತು ಒಂದೇ, ಒಂದು ಕಡೆ ದಲಿತನಿಗೆ ಗುರಾಣಿ, ಇನ್ನೊಂದು ಕಡೆ ಕರಿಯನಿಗೆ ಕೋಳ.

ಸ್ವಾತಂತ್ರ್ಯದ ನಂತರವೂ ಕಾನೂನು ನೇರ ದಾರಿಯಲ್ಲೇನೂ ನಡೆಯಲಿಲ್ಲ. ಜಾತಿ, ಮತದಿಂದ ಹೊರಹಾಕುವುದನ್ನು ತಡೆಯಲು ಮುಂಬಯಿ ಸರ್ಕಾರ 1949ರಲ್ಲಿ ತಂದ ಕಾಯ್ದೆಯನ್ನು, ದಾವೂದಿ ಬೊಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1962ರಲ್ಲಿ ತಳ್ಳಿಹಾಕಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನು ಮಾಡಿತು. ದಲಿತ, ಆದಿವಾಸಿಗಳ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹೇರುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂದು ಸ್ಪಷ್ಟವಾಗಿ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಅಂಬೇಡ್ಕರ್ ಕೇಳಿ ಎಂಬತ್ತೈದು ವರ್ಷಗಳ ಸುಮಾರಿಗೆ. ಆದರೂ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ 2024ರಲ್ಲಿ ದಲಿತ ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತೆಂದು ಇಡೀ ಕೇರಿಗೆ ಅಂಗಡಿಗಳ ಬಾಗಿಲು ಮುಚ್ಚಿದ ಸುದ್ದಿ ಬಂತು. 2022ರ ಮಾರ್ಚ್ ತಿಂಗಳಲ್ಲಿ ಕಾಪುವಿನ ಮಾರಿಗುಡಿಯೂ ಸೇರಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗವಿಲ್ಲ ಎಂದಾಗ ಮುಂದೆ ಹಿಡಿದದ್ದು 2002ರ ಧಾರ್ಮಿಕ ದತ್ತಿ ನಿಯಮವನ್ನು. ಬಳೆ, ಮಲ್ಲಿಗೆ, ಕಬ್ಬಿನ ಹಾಲು ಮಾರುವವನಿಗೆ ಜಾತ್ರೆ ಎಂದರೆ ವರ್ಷದ ದುಡಿಮೆ. ಕೊಳ್ಳುವವನು ಪಕ್ಕದ ಅಂಗಡಿಗೆ ಹೋದರಾಯಿತು. ಇಂಥ ಬಹಿಷ್ಕಾರದಲ್ಲಿ ಮಾಡಿದವನಿಗೆ ಒಂದು ಪೈಸೆಯೂ ಖರ್ಚಿಲ್ಲ. ಅದನ್ನು ಸ್ವದೇಶಿ ಚಳವಳಿಯ ಸಾಲಿನಲ್ಲಿ ನಿಲ್ಲಿಸುವವರ ಧೈರ್ಯ ಮೆಚ್ಚಬೇಕು.

ಚುನಾವಣೆಯ ಬಹಿಷ್ಕಾರದ್ದು ಬೇರೆಯೇ ಗಣಿತ. ನಮ್ಮ ಹಳ್ಳಿಗಳಲ್ಲಿ ಅದು ಹೆಚ್ಚಾಗಿ ಬೆದರಿಕೆಯಾಗಿಯೇ ಹುಟ್ಟಿ ಬೆದರಿಕೆಯಾಗಿಯೇ ಮುಗಿಯುತ್ತದೆ. ಊರ ಬಾಗಿಲಿಗೆ ಫ್ಲೆಕ್ಸು, ಸೇತುವೆ ಇಲ್ಲದೆ ಓಟಿಲ್ಲ ಎಂಬ ಬರಹ, ತಹಶೀಲ್ದಾರರ ಜೀಪು, ಅರಳಿಕಟ್ಟೆ ಸಂಧಾನ, ಮಧ್ಯಾಹ್ನದ ನಂತರ ಸಾಲು. ಅಪರೂಪಕ್ಕೆ ಕೈ ಮೀರುತ್ತದೆ. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಇಂಡಿಗನತ್ತದಲ್ಲಿ ರಸ್ತೆ, ನೀರಿಲ್ಲವೆಂದು ಮತ ಬಹಿಷ್ಕರಿಸಿದವರಿಗೂ ಅಧಿಕಾರಿಗಳಿಗೂ ಜಟಾಪಟಿಯಾಗಿ ಮತಯಂತ್ರ ಪುಡಿಯಾಯಿತು. ಮೂರು ದಿನ ಬಿಟ್ಟು ಮರುಮತದಾನ. ರಸ್ತೆ ಕೇಳಿದವರ ಮೇಲೆ ಕೇಸು ಬಿತ್ತು. ಮತ ಹಾಕದವನ ಮೌನವನ್ನು ಎಣಿಸುವ ಯಂತ್ರ ಇಲ್ಲ. 2013ರಿಂದ ‘ನೋಟಾ’ ಗುಂಡಿ ಬಂದಿದೆ ನಿಜ, ಅದು ಅಭ್ಯರ್ಥಿಗಳನ್ನು ತಿರಸ್ಕರಿಸುತ್ತದೆ, ರಸ್ತೆಯನ್ನು ಕೇಳುವುದಿಲ್ಲ. ಇನ್ನು ವಕೀಲರ ಕಲಾಪ ಬಹಿಷ್ಕಾರ: ಆ ಹಕ್ಕು ನಿಮಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತು; ನಡೆಯುತ್ತಲೇ ಇದೆ. ಪಿಯು ಉಪನ್ಯಾಸಕರು 2016ರಲ್ಲಿ ಮೌಲ್ಯಮಾಪನ ಬಹಿಷ್ಕರಿಸಿದಾಗ ಫಲಿತಾಂಶಕ್ಕೆ ಕಾದು ಸಣ್ಣಗಾದವರು ಆ ವೇತನದ ಜಗಳಕ್ಕೆ ಸಂಬಂಧವೇ ಇಲ್ಲದ ಮಕ್ಕಳು.

ಆಟದಂಗಳಕ್ಕೆ ಬಂದರೆ, ತೀರ್ಮಾನ ಒಬ್ಬರದು ನಷ್ಟ ಮತ್ತೊಬ್ಬರದು ಎಂಬುದು ಕಣ್ಣಿಗೆ ರಾಚುತ್ತದೆ. ಸೋವಿಯತ್ ಸೇನೆ 1979ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅಮೆರಿಕದ ಅಧ್ಯಕ್ಷ ಕಾರ್ಟರ್ ಮಾಸ್ಕೋ ಒಲಿಂಪಿಕ್ಸ್ ಬೇಡವೆಂದರು. ಆಫ್ರಿಕಾದ ದೇಶಗಳನ್ನು ಒಲಿಸಲು ಮಹಮ್ಮದ್ ಅಲಿಯನ್ನು ಕಳಿಸಿದರು. ನಾಲ್ಕು ವರ್ಷದ ಹಿಂದೆ, ದಕ್ಷಿಣ ಆಫ್ರಿಕಾದ ಜೊತೆ ರಗ್ಬಿ ಆಡಿದ ನ್ಯೂಜಿಲೆಂಡನ್ನು ಬಿಟ್ಟುಕೊಂಡಿರೆಂದು ನಾವು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ಬಂದಾಗ ನೀವೆಲ್ಲಿದ್ದಿರಿ ಎಂಬ ಪ್ರಶ್ನೆ ಅಲಿಗೆ ಎದುರಾಯಿತು. ತಾಂಜಾನಿಯಾದ ಅಧ್ಯಕ್ಷ ನೈರೇರೆ ಭೇಟಿಯನ್ನೇ ಕೊಡಲಿಲ್ಲ. ಕೊನೆಗೆ ಅರವತ್ತಕ್ಕೂ ಹೆಚ್ಚು ದೇಶಗಳು ಮಾಸ್ಕೋಗೆ ಹೋಗಲಿಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನ ಬಿಟ್ಟದ್ದು 1989ರಲ್ಲಿ. ಆ ಹೊತ್ತಿಗೆ 1980ರ ಈಜುಗಾರರು, ಓಟಗಾರರು ನಿವೃತ್ತರು.

ಭಾರತ ಹೋಯಿತು. ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ಇಲ್ಲದ ಹಾಕಿಯಲ್ಲಿ ಆರೇ ತಂಡ. ತಾಂಜಾನಿಯಾ ಮೇಲೆ 18-0, ಫೈನಲಿನಲ್ಲಿ ಸ್ಪೇನ್ ವಿರುದ್ಧ 4-3, ಚಿನ್ನ. ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಒಲಿಂಪಿಕ್ ಹಾಕಿಯಲ್ಲಿ ನಮಗೆ ಅದೇ ಕೊನೆಯ ಚಿನ್ನ. ಎದುರಾಳಿಗಳು ಬರಲಿಲ್ಲ ಎಂದು ಆ ಪದಕದ ಪಕ್ಕ ಒಂದು ಚುಕ್ಕಿ ಇಡುವವರಿದ್ದಾರೆ. ಬಾರದವನ ತಪ್ಪಿಗೆ ಬಂದು ಆಡಿದವನನ್ನು ಯಾಕೆ ಹಿಡಿಯಬೇಕು? ಹಾಗೆ ಚುಕ್ಕಿ ಇಡುವುದಾದರೆ 1984ಕ್ಕೂ ಇಡಬೇಕಾಗುತ್ತದೆ. ಸೋವಿಯತ್ ಬಣ ಲಾಸ್ ಏಂಜಲೀಸಿಗೆ ಹೋಗದೆ ಸೇಡು ತೀರಿಸಿಕೊಂಡ ವರ್ಷ ಅದು. 400 ಮೀಟರ್ ಹರ್ಡಲ್ಸಿನಲ್ಲಿ ಆ ಜೂನ್‌ನಲ್ಲಷ್ಟೇ 53.58 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದ ಸೋವಿಯತ್ ಓಟಗಾರ್ತಿ ಪೊನೊಮರ‍್ಯೋವಾ ಮನೆಯಲ್ಲಿದ್ದಳು. ಪಿ.ಟಿ. ಉಷಾ 55.42ಕ್ಕೆ ಓಡಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡರು. ನಾವು ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಆ ನೂರನೇ ಒಂದರ ದುಃಖದ ಹಿಂದೆಯೂ ಯಾರದೋ ಬಹಿಷ್ಕಾರ ಇದೆ.

ದಕ್ಷಿಣ ಆಫ್ರಿಕಾದ ವಿಷಯ ಇದಕ್ಕಿಂತ ಭಿನ್ನ. ವರ್ಣಭೇದದ ವಿರುದ್ಧ ಆ ದೇಶದ ಜೊತೆ ವ್ಯಾಪಾರವನ್ನು ಮೊದಲು ಕಡಿದುಕೊಂಡದ್ದು ಭಾರತ, 1946ರಲ್ಲಿ. 1974ರಲ್ಲಿ ಸೋವಿಯತ್ ತಂಡವನ್ನು ಸೋಲಿಸಿ ಡೇವಿಸ್ ಕಪ್ ಫೈನಲಿಗೆ ಬಂದಾಗ ಎದುರಾಳಿ ದಕ್ಷಿಣ ಆಫ್ರಿಕಾ. ವಿಜಯ್ ಅಮೃತರಾಜ್‌ಗೆ ಇಪ್ಪತ್ತರ ಹರೆಯ, ಜೊತೆಗೆ ಅಣ್ಣ ಆನಂದ್. ಗೆಲ್ಲುವ ಅವಕಾಶ ಚೆನ್ನಾಗಿಯೇ ಇತ್ತು. ಸರ್ಕಾರ ಆಡಬೇಡಿ ಎಂದಿತು. ಕಪ್ ಆಡದೆಯೇ ಅವರಿಗೆ ಹೋಯಿತು. ಭಾರತ ಇಂದಿಗೂ ಡೇವಿಸ್ ಕಪ್ ಗೆದ್ದಿಲ್ಲ. ಕೈಗೆ ಬಂದ ತುತ್ತನ್ನು ಬಿಟ್ಟುಕೊಟ್ಟ ಈ ಬಹಿಷ್ಕಾರದಲ್ಲಿ ಇತರರ ತಟ್ಟೆಗೆ ಕೈ ಹಾಕಿದ್ದೇನೂ ಇಲ್ಲ. ಆದರೂ ಕಪ್ಪಿನ ಜಾಗ ಖಾಲಿ ಉಳಿದದ್ದು ಇಬ್ಬರು ಹುಡುಗರ ಕಪಾಟಿನಲ್ಲಿ, ದೆಹಲಿಯ ಸಚಿವಾಲಯದಲ್ಲಲ್ಲ, ಅದನ್ನೂ ಹೇಳಬೇಕು.

ಇಲ್ಲಿ ಜೆಫ್ರಿ ಬಾಯ್ಕಾಟ್ ಮತ್ತೆ ಬರುತ್ತಾರೆ. ದಕ್ಷಿಣ ಆಫ್ರಿಕಾದ ನಂಟು ಇರುವ ಇವರನ್ನು ಒಳಬಿಡಬೇಕೇ ಎಂಬ ಚರ್ಚೆಯಿಂದ 1981ರ ಇಂಗ್ಲೆಂಡ್ ತಂಡದ ಭಾರತ ಪ್ರವಾಸವೇ ತೂಗುಯ್ಯಾಲೆಯಲ್ಲಿತ್ತು. ಕೊನೆಗೆ ಇಂದಿರಾ ಗಾಂಧಿ ಒಪ್ಪಿದರು. ಬಾಯ್ಕಾಟ್ ಬಂದು ದೆಹಲಿಯಲ್ಲಿ ಸೋಬರ್ಸ್ ಅವರ ಒಟ್ಟು ರನ್ನಿನ ದಾಖಲೆ ದಾಟಿದರು, ಕಲ್ಕತ್ತ ಟೆಸ್ಟಿನ ನಂತರ ಪ್ರವಾಸ ಅರ್ಧಕ್ಕೇ ಬಿಟ್ಟು ಮನೆಗೆ ಹೋದರು. 1982ರ ಮಾರ್ಚ್‌ನಲ್ಲಿ ಕಂಡದ್ದು ಗೂಚ್ ನಾಯಕತ್ವದ ಬಂಡುಕೋರ ತಂಡದಲ್ಲಿ, ದಕ್ಷಿಣ ಆಫ್ರಿಕಾದ ನೆಲದ ಮೇಲೆ. ಜಗತ್ತಿನ ಬಾಯ್ಕಾಟನ್ನು ಮುರಿದವರಲ್ಲಿ ಒಬ್ಬರ ಹೆಸರೇ ಬಾಯ್ಕಾಟ್. ಮೂರು ವರ್ಷದ ನಿಷೇಧ ಬಿತ್ತು, ಅವರ ಟೆಸ್ಟ್ ಬದುಕು 8,114 ರನ್ನಿಗೆ ನಿಂತಿತು. ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟಿಗೆ ಮರಳಿದ್ದು 1991ರ ನವೆಂಬರ್ 10ರಂದು, ಅದೂ ಕಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ. ಮರುವರ್ಷ ಅಲ್ಲಿಗೆ ಹೋದ ಭಾರತ ತಂಡದಲ್ಲಿ ಕುಂಬ್ಳೆ, ಶ್ರೀನಾಥ್ ಇದ್ದರು. ಬಹಿಷ್ಕಾರ ಹಾಕಿದ ದೇಶವೇ ಬಾಗಿಲನ್ನೂ ತೆರೆಯಿತು. ಬಹಿಷ್ಕಾರ ಯಾವಾಗ ಮುಗಿಯಬೇಕೆಂಬುದು ಮೊದಲೇ ಗೊತ್ತಿದ್ದರೆ ಮಾತ್ರ ಇದು ಸಾಧ್ಯ. ಇಲ್ಲಿ ಗೊತ್ತಿತ್ತು: ವರ್ಣಭೇದ ಹೋದ ದಿನ.

ಈಗಿನದು ಇನ್ನೊಂದು ತಳಿ. 2025ರ ಸೆಪ್ಟೆಂಬರ್ 14ರಂದು ದುಬೈನಲ್ಲಿ ಏಷ್ಯಾ ಕಪ್ ಪಂದ್ಯವಾಡಿದ ಭಾರತದವರು ಪಾಕಿಸ್ತಾನದವರ ಕೈ ಕುಲುಕದೆ ಡ್ರೆಸಿಂಗ್ ರೂಮಿಗೆ ನಡೆದರು. ಪಾಕಿಸ್ತಾನ ಮುಂದಿನ ಪಂದ್ಯವನ್ನೇ ಬಿಡುವೆನೆಂದು ಗುಡುಗಿ, ಒಂದು ಗಂಟೆ ತಡವಾಗಿ ಬಂದು ಆಡಿತು. ಫೈನಲ್ ಗೆದ್ದ ಭಾರತ ತಂಡ ಪಾಕಿಸ್ತಾನದ ಸಚಿವರೂ ಆದ ಏಷ್ಯಾ ಕ್ರಿಕೆಟ್ ಮುಖ್ಯಸ್ಥರ ಕೈಯಿಂದ ಟ್ರೋಫಿ ತೆಗೆದುಕೊಳ್ಳಲಿಲ್ಲ. ಟೂರ್ನಿಯಲ್ಲಿ ಮೂರು ಸಲ ಎದುರಾದ ಎರಡೂ ತಂಡ ಒಂದು ಓವರನ್ನೂ ಕೈಬಿಡಲಿಲ್ಲ, ಓವರುಗಳ ನಡುವಿನ ಜಾಹೀರಾತುಗಳೂ ನಿಲ್ಲಲಿಲ್ಲ. ಮೇಯೋ ಕೌಂಟಿಯ ರೈತರು ನಿಲ್ಲಿಸಿದ್ದು ವ್ಯವಹಾರವನ್ನು. ಇಲ್ಲಿ ವ್ಯವಹಾರವೆಲ್ಲ ಸಾಂಗವಾಗಿ ನಡೆಯಿತು. ನಿಂತದ್ದು ಮುಟ್ಟುವುದು, ಮಾತಾಡಿಸುವುದು.